ಮನೆಯ ಕಿರ್ದಿ, ಅಂಗಡಿಯ ಕಿರ್ದಿ

ನಮ್ಮ ತಂದೆಯವರು ತಿಪಟೂರಿನ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಅವರು ಬರೆದ ಕಿರ್ದಿಯಲ್ಲಿ ಒಂದು ಕಾಸು ಹೆಚ್ಚುಕಡಮೆಯಾದುದನ್ನು ಯಜಮಾನರು ಕಂಡವರಲ್ಲ. ಸಂಜೆ ಪೆಟ್ಟಿಗೆಯ ಹಣಕ್ಕೂ ಪುಸ್ತಕದ ಶಿಲ್ಕಿಗೂ ತಾಳೆಯಾಗುವವರೆಗೆ ಅವರು ಕುಳಿತ ಜಾಗ ಬಿಟ್ಟು ಏಳುತ್ತಿರಲಿಲ್ಲ. ಇಂಥವರು ೧೯೮೮ರಲ್ಲಿ, ಬರುವ ಸಂಬಳ ಸಾಲದೆ, ಮನೆಯ ಜಗಲಿಯ ಮೇಲೆ ತಾವೇ ಒಂದು ಸಣ್ಣ ಅಂಗಡಿ ಇಟ್ಟರು. ನೋಟ್ ಪುಸ್ತಕ, ಸ್ಲೇಟು, ಬಳಪ, ಪೆನ್ಸಿಲು, ಶಾಯಿ, ಇಷ್ಟೇ ಸರಕು. ಹಗಲು ತಾಯಿ ಕೂರುತ್ತಿದ್ದರು, ಸಂಜೆ ತಂದೆ. ಒಂದು ಮರದ ಪೆಟ್ಟಿಗೆ, ಒಂದು ಪುಸ್ತಕ. ಬಂದ ಹಣವೆಲ್ಲ ಆ ಪೆಟ್ಟಿಗೆಗೆ. ತರಕಾರಿಯವಳು ಬಾಗಿಲಿಗೆ ಬಂದರೆ ಅದಕ್ಕೂ ಆ ಪೆಟ್ಟಿಗೆಯೇ.

ಅಂಗಡಿ ಏಳು ವರ್ಷ ನಡೆದು ೧೯೯೫ರಲ್ಲಿ ಮುಚ್ಚಿತು. ಮುಚ್ಚಿದ ದಿನ ಬೆಂಗಳೂರಿನ ಒಬ್ಬ ಕಾಗದದ ವ್ಯಾಪಾರಿಗೆ ೧೧,೪೦೦ ರೂಪಾಯಿ ಬಾಕಿ ನಿಂತಿತ್ತು. ತಾಯಿಯ ಎರಡು ಬಳೆಗಳು ಆ ಬಾಕಿಗೆ ಹೋದವು. ‘ವ್ಯಾಪಾರ ನಮ್ಮಂಥವರ ಕೈಗೆ ಹತ್ತುವುದಲ್ಲ ಕಣಪ್ಪ’ ಎಂದು ತಂದೆ ಕಡೆಯವರೆಗೂ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪುಸ್ತಕ ನನ್ನ ಬೀರುವಿಗೆ ಬಂದಿತು. ಅದರಲ್ಲಿ ನಾನೇನು ಕಂಡೆನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಪರರ ಲೆಕ್ಕವನ್ನು ಅಷ್ಟು ಶುದ್ಧವಾಗಿ ಬರೆದವರು ತಮ್ಮದೇ ಲೆಕ್ಕದಲ್ಲಿ ಮನೆಯನ್ನೂ ಅಂಗಡಿಯನ್ನೂ ಏಕೆ ಬೇರೆ ಮಾಡಲಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹುದಿನ ಕಾಡಿತು. ಅದನ್ನು ಬೆನ್ನು ಹತ್ತಿ ಹೋದಾಗ ತಿಳಿದದ್ದು ಇದು: ಮನೆ ಬೇರೆ, ಅಂಗಡಿ ಬೇರೆ ಎಂಬ ಮಾತು ಸಹಜವಾಗಿ ತೋರಿದರೂ ಮನುಷ್ಯನಿಗೆ ಸುಲಭವಾಗಿ ದಕ್ಕಿದ್ದಲ್ಲ. ಅದಕ್ಕೂ ಒಂದು ಚರಿತ್ರೆಯುಂಟು.

ನಮ್ಮ ನಾಡಿಗೆ ಲೆಕ್ಕವೇನೂ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಶಾನುಭೋಗರೂ ವರ್ತಕರೂ ತಲೆಮಾರುಗಟ್ಟಲೆ ಲೆಕ್ಕವಿಟ್ಟರು. ಇಂದು ನಾವಾಡುವ ಮಾತುಗಳನ್ನೇ ನೋಡಿ: ಜಮಾ, ಬಾಕಿ ಎಂಬುವು ಅರಬ್ಬಿಯಿಂದ ಬಂದವು, ಖರ್ಚು ಪಾರಸಿಯಿಂದ; ಕಿರ್ದಿ, ಶಿಲ್ಕುಗಳಿಗೆ ಮರಾಠಿಯಲ್ಲಿ ನಂಟರಿದ್ದಾರೆ. ಆಳಿದವರು ಬದಲಾದಂತೆಲ್ಲ ಲೆಕ್ಕದ ಮನೆಗೆ ಹೊಸ ಹೊಸ ಮಾತುಗಳು ಬಂದು ಸೇರಿದವು. ಆದರೆ ಒಬ್ಬನೇ ಮನುಷ್ಯನಿಗೆ ಎರಡು ಕಸುಬುಗಳಿದ್ದಾಗ, ಅಥವಾ ಒಂದೇ ಸೂರಿನ ಕೆಳಗೆ ಸಂಸಾರವೂ ವ್ಯಾಪಾರವೂ ಇದ್ದಾಗ, ಇದರ ಹಣ ಯಾವುದು, ಅದರ ಹಣ ಯಾವುದು ಎಂದು ವಿಂಗಡಿಸುವ ವಿದ್ಯೆಯನ್ನು ಹಾಳೆಹಾಳೆಯಾಗಿ ಕಾಣಬೇಕಾದರೆ ನಾವು ಇಟಲಿಯ ಪ್ರಾತೊ ಎಂಬ ಊರಿಗೆ ಹೋಗಬೇಕು. ಅಲ್ಲಿ ಒಬ್ಬ ವರ್ತಕನ ಪುಸ್ತಕಗಳು ಇಡಿಯಾಗಿ ಉಳಿದುಬಂದಿವೆ.

ಆ ವರ್ತಕನ ಹೆಸರು ಫ್ರಾಂಚೆಸ್ಕೊ ದತೀನಿ. ಸುಮಾರು ೧೩೩೫ರಲ್ಲಿ ಹುಟ್ಟಿದವನು. ೧೩೪೮ರ ಮಹಾಮಾರಿಯಲ್ಲಿ ತಾಯಿತಂದೆಗಳನ್ನು ಕಳೆದುಕೊಂಡು, ಎಳೆಯ ಹುಡುಗನಾಗಿಯೇ ಫ್ರಾನ್ಸಿನ ಅವಿನ್ಯೋನಿಗೆ ಹೋದನು. ಆಗ ಕ್ರೈಸ್ತರ ಜಗದ್ಗುರು ಪೋಪರ ಆಸ್ಥಾನ ಅಲ್ಲಿತ್ತು. ಆದ್ದರಿಂದ ವ್ಯಾಪಾರವೂ ಅಲ್ಲಿತ್ತು. ಮೂವತ್ತು ವರ್ಷಗಳಿಗೂ ಮಿಕ್ಕಿ ಅಲ್ಲಿದ್ದು, ದುಡ್ಡು ಮಾಡಿ ಊರಿಗೆ ಮರಳಿದ ಮೇಲೆ ಪೀಸಾ, ಫ್ಲಾರೆನ್ಸ್, ಜಿನೋವಾ, ಬಾರ್ಸಿಲೋನಾ, ವಾಲೆನ್ಸಿಯಾ, ಮಯೋರ್ಕಾಗಳಲ್ಲಿ ಒಂದೊಂದು ವ್ಯಾಪಾರದ ಮನೆಯನ್ನು ತೆರೆದನು. ಉಣ್ಣೆ, ಉಪ್ಪು, ಆಯುಧ, ಸಂಬಾರ ಪದಾರ್ಥ, ಅವನು ಮಾರದ ಸರಕಿಲ್ಲ. ೧೪೧೦ರಲ್ಲಿ ತೀರಿಕೊಂಡಾಗ ಮಕ್ಕಳಾಗಿ ವಾರಸುದಾರರಾದವರು ಯಾರೂ ಇರಲಿಲ್ಲ. ಆಸ್ತಿಯ ಬಹುಪಾಲನ್ನು ಪ್ರಾತೊದ ಬಡವರ ಪಾಲನೆಗೆಂದು ಬರೆದಿಟ್ಟನು.

ಆಸ್ತಿಗಿಂತ ದೊಡ್ಡ ನಿಧಿಯನ್ನು ಅವನು ಬಿಟ್ಟುಹೋದನೆಂಬುದು ಊರಿಗೆ ತಿಳಿಯಲು ನಾನೂರ ಅರುವತ್ತು ವರ್ಷಗಳು ಹಿಡಿದವು. ೧೮೭೦ರಲ್ಲಿ, ಅವನ ಮನೆಯ ಮೆಟ್ಟಿಲ ಸಂದಿಯಲ್ಲಿ ಅಡಗಿದ್ದ ಕಾಗದದ ರಾಶಿ ಹೊರಬಿತ್ತು. ಸುಮಾರು ಒಂದೂವರೆ ಲಕ್ಷ ಪತ್ರಗಳು, ಐನೂರಕ್ಕೂ ಹೆಚ್ಚು ಲೆಕ್ಕದ ಪುಸ್ತಕಗಳು! ಅನೇಕ ಪುಸ್ತಕಗಳ ಮೊದಲ ಹಾಳೆಯಲ್ಲಿ ದೇವರ ಹೆಸರನ್ನೂ ಲಾಭದ ಹೆಸರನ್ನೂ ಜೊತೆಯಾಗಿ ಬರೆದಿತ್ತು. ನಮ್ಮ ವರ್ತಕರು ಹೊಸ ಪುಸ್ತಕಕ್ಕೆ ಅರಿಸಿನ ಕುಂಕುಮವಿಟ್ಟು ‘ಶುಭ ಲಾಭ’ ಎಂದು ಬರೆಯುವುದನ್ನು ಕಂಡವರಿಗೆ ಇದು ದೂರದ ಸಂಗತಿಯೆಂದು ತೋರಲಾರದು.

ಆ ಐನೂರು ಪುಸ್ತಕಗಳಲ್ಲಿ ನನಗೆ ಬೆರಗು ಹುಟ್ಟಿಸುವುದು ಅವುಗಳ ಸಂಖ್ಯೆಯಲ್ಲ, ಅವುಗಳ ನಡುವಣ ಗೋಡೆಗಳು. ಒಂದೊಂದು ಊರಿನ ವ್ಯಾಪಾರಕ್ಕೂ ಬೇರೆ ಪಾಲುದಾರರು, ಬೇರೆ ಪುಸ್ತಕಗಳು. ಪ್ರಾತೊದ ಉಣ್ಣೆಯ ಕೆಲಸಕ್ಕೆ ಒಂದು ಲೆಕ್ಕ. ಮನೆಯ ಖರ್ಚಿಗೆ ಇನ್ನೊಂದು. ತನ್ನ ಸ್ವಂತ ಬಂಡವಾಳ, ಪಾಲುದಾರರೊಡನೆ ಮಾಡಿಕೊಂಡ ಕರಾರು ಇವಕ್ಕೆ ಬೀಗದಲ್ಲಿಡುವ ಗುಟ್ಟಿನ ಪುಸ್ತಕ ಮತ್ತೊಂದು. ದತೀನಿಯೆಂಬ ಮನುಷ್ಯ ಒಬ್ಬನೇ. ಪುಸ್ತಕಗಳಲ್ಲಿ ಮಾತ್ರ ಅವನು ಹತ್ತು ಜನ. ೧೪೦೦ರ ಪ್ಲೇಗಿನಲ್ಲಿ ಅವನ ಪಾಲುದಾರರಲ್ಲಿ ಹಲವರು ಸತ್ತರು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಕಲಸಿಹೋಗಿದ್ದರೆ, ಸತ್ತವರ ಹೆಂಡಿರು ಮಕ್ಕಳಿಗೆ ಸಲ್ಲಬೇಕಾದುದೆಷ್ಟು, ಬದುಕಿರುವವರಿಗೆ ಉಳಿದುದೆಷ್ಟು ಎಂಬುದನ್ನು ಯಾರು ತಾನೇ ಹೇಳಬಲ್ಲವರಾಗಿದ್ದರು? ಪುಸ್ತಕಗಳ ನಡುವಣ ಗೋಡೆಯು ದಿಕ್ಕಿಲ್ಲದವರಿಗೂ ಒಂದು ಆಸರೆಯಾಗಬಲ್ಲದು.

ದತೀನಿಯಂಥವರು ಅನುಭವದಿಂದ ಕಲಿತದ್ದನ್ನು ಅಚ್ಚಿಗೆ ತಂದು ಲೋಕಕ್ಕೆಲ್ಲ ಹಂಚಿದವನು ಒಬ್ಬ ಸಂನ್ಯಾಸಿ. ಇದು ಚರಿತ್ರೆಯ ವಿನೋದಗಳಲ್ಲೊಂದು. ಸ್ವಂತ ಆಸ್ತಿಯಿಲ್ಲದಿರುವುದೇ ವ್ರತವಾಗಿದ್ದ ಫ್ರಾನ್ಸಿಸ್ಕನ್ ಪಂಥದ ಲೂಕ ಪಚೋಲಿ, ತರುಣನಾಗಿದ್ದಾಗ ವೆನಿಸ್ಸಿನಲ್ಲಿ ಒಬ್ಬ ವರ್ತಕನ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದನು. ಮುಂದೆ ಮಿಲಾನಿನಲ್ಲಿ ಲಿಯೊನಾರ್ಡೊ ಡ ವಿಂಚಿಯ ಗೆಳೆಯನಾದನು. ೧೫೦೯ರಲ್ಲಿ ಅಚ್ಚಾದ ಇವನ ಇನ್ನೊಂದು ಗಣಿತಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟವನು ಲಿಯೊನಾರ್ಡೊ. ೧೪೯೪ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಪಚೋಲಿಯ ‘ಸುಮ್ಮ’ ಎಂಬ ಗಣಿತದ ಹೆಬ್ಬೊತ್ತಗೆಯಲ್ಲಿ ಮೂವತ್ತಾರು ಅಧ್ಯಾಯಗಳು ವರ್ತಕರ ಲೆಕ್ಕಕ್ಕೆ ಮೀಸಲಾಗಿವೆ. ಪಂಡಿತರ ಲ್ಯಾಟಿನ್ನನ್ನು ಬಿಟ್ಟು, ಅಂಗಡಿಯವರಿಗೂ ತಿಳಿಯಲೆಂದು ಜನದ ಮಾತಿನಲ್ಲಿಯೇ ಅವನು ಬರೆದನು. ದೇಶಭಾಷೆಯಲ್ಲಿ ಶಾಸ್ತ್ರವನ್ನು ಹೇಳುವ ಈ ಔದಾರ್ಯವು, ರಾಜಾದಿತ್ಯನ ನಾಡಿನವರಾದ ನಮಗೆ ಮೆಚ್ಚಿಕೆಯಾಗತಕ್ಕದ್ದು.

ಒಂದು ವ್ಯವಹಾರವನ್ನು ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ಪಚೋಲಿ ಕಂಡುಹಿಡಿದನೆಂದು ಹೇಳುವವರುಂಟು. ಅದು ನಿಜವಲ್ಲ. ಜಿನೋವಾ ನಗರದ ೧೩೪೦ರ ಲೆಕ್ಕಗಳಲ್ಲಿಯೇ ಅದು ಕಾಣುತ್ತದೆ. ತಾನು ವೆನಿಸ್ಸಿನ ರೂಢಿಯನ್ನು ವಿವರಿಸುತ್ತಿರುವೆನೆಂದು ಅವನೇ ಹೇಳಿದ್ದಾನೆ. ಆದರೆ ಅವನ ಗ್ರಂಥದಲ್ಲಿ ಎರಡು ಸಲಹೆಗಳಿವೆ. ನನ್ನ ತಂದೆಯವರ ಜಗಲಿಗೆ ಬೇಕಾಗಿದ್ದುದು ಆ ಎರಡೇ. ಮೊದಲನೆಯದು, ಮನೆಯ ಖರ್ಚಿಗೆ ಅದರದೇ ಹೆಸರಿನಲ್ಲಿ ಒಂದು ಖಾತೆ ತೆರೆಯಬೇಕೆಂಬುದು. ಎರಡನೆಯದು, ವರ್ತಕನು ತನ್ನ ಮುಖ್ಯ ವ್ಯವಹಾರದ ಜೊತೆಗೆ ಇನ್ನೊಂದು ಅಂಗಡಿ ಇಟ್ಟರೆ, ಆ ಅಂಗಡಿಯನ್ನು ಒಬ್ಬ ಮನುಷ್ಯನೆಂದೇ ಭಾವಿಸಬೇಕೆಂಬುದು. ಅದಕ್ಕೆ ಹಾಕಿದ ಹಣವೆಲ್ಲ ಆ ‘ಮನುಷ್ಯ’ನಿಗೆ ಕೊಟ್ಟ ಸಾಲ, ಅದರಿಂದ ತೆಗೆದ ಹಣವೆಲ್ಲ ಆ ‘ಮನುಷ್ಯ’ ಹಿಂದಿರುಗಿಸಿದ್ದು.

ಅಂಗಡಿಯೂ ಒಬ್ಬ ಮನುಷ್ಯ! ಕೇಳಲು ಮಕ್ಕಳ ಆಟದಂತಿದೆ. ಆದರೆ ಈ ಆಟವನ್ನು ಆಡಿ ನೋಡಿದರೆ ಎಷ್ಟೋ ಮಂಜು ಕರಗುತ್ತದೆ. ಪೆಟ್ಟಿಗೆಯಿಂದ ಹತ್ತು ರೂಪಾಯಿ ತೆಗೆದು ಬದನೆಕಾಯಿ ಕೊಂಡೆವೆನ್ನಿ. ಒಂದೇ ಪುಸ್ತಕವಿದ್ದರೆ ಅದು ಖರ್ಚು, ಅಷ್ಟೆ. ಅದರ ಕೆಳಗಿನ ಸಾಲಿನಲ್ಲಿರುವ ನೋಟ್ ಪುಸ್ತಕದ ಕಟ್ಟಿನ ಖರೀದಿಗೂ ಅದಕ್ಕೂ ಭೇದವಿಲ್ಲ. ಎರಡು ಪುಸ್ತಕಗಳಿದ್ದರೆ, ಅಂಗಡಿಯ ಪುಸ್ತಕದಲ್ಲಿ ‘ಮನೆಗೆ ಕೊಟ್ಟದ್ದು’ ಎಂದೂ ಮನೆಯ ಪುಸ್ತಕದಲ್ಲಿ ‘ಅಂಗಡಿಯಿಂದ ಬಂದದ್ದು’ ಎಂದೂ ಬರೆಯಬೇಕಾಗುತ್ತದೆ. ಸಂಬಳದ ಹಣದಿಂದ ಸರಕು ತಂದಾಗ ಇದು ತಿರುಗುಮುರುಗು. ತಿಂಗಳ ಕೊನೆಗೆ ಕೂಡಿಸಿದರೆ ಅಂಗಡಿ ಮನೆಯನ್ನು ಸಾಕುತ್ತಿದೆಯೋ, ಮನೆ ಅಂಗಡಿಯನ್ನು ಸಾಕುತ್ತಿದೆಯೋ ಎಂಬುದು ಕನ್ನಡಿಯಂತೆ ಕಾಣುತ್ತದೆ. ಬದನೆಕಾಯಿ ಕೊಳ್ಳಬಾರದೆಂದು ಪಚೋಲಿ ಹೇಳಲಿಲ್ಲ. ಕೊಂಡದ್ದನ್ನು ಅದರ ಮನೆಯಲ್ಲಿ ಬರೆ ಎಂದನು.

ನಮ್ಮ ತಂದೆಯವರಂಥವರು ಎರಡು ಲೆಕ್ಕಗಳನ್ನು ಬೆರೆಸುವುದು ಸಂಕೋಚದಿಂದ, ಇಲ್ಲವೆ ಸೋಮಾರಿತನದಿಂದ. ಅದರ ನಷ್ಟವೂ ಅವರಿಗೇ. ಆದರೆ ಬೇಕೆಂದೇ ಬೆರೆಸುವವರೂ ಉಂಟು, ಅದರ ನಷ್ಟವನ್ನು ಹೊರುವವರು ಬೇರೆಯವರು. ಪರರ ಹಣವನ್ನು ಕೈಯಲ್ಲಿ ಹಿಡಿದವನ ಮೇಲೆ ಲೋಕಕ್ಕೆ ಯಾವಾಗಲೂ ಸಂಶಯ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ಅರಸನ ಹೊನ್ನನ್ನು ಜಂಗಮರ ದಾಸೋಹಕ್ಕೆ ವ್ಯಯಮಾಡುತ್ತಾರೆಂದು ಚಾಡಿ ಹೇಳಿದವರಿದ್ದರಷ್ಟೆ. ಭಂಡಾರವನ್ನು ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದು ಶರಣರ ಪುರಾಣಗಳು ಹೇಳುತ್ತವೆ. ಅದು ಪವಾಡವೋ ಚರಿತ್ರೆಯೋ, ವಿದ್ವಾಂಸರು ಚರ್ಚಿಸಲಿ. ಅರಸನ ಗಂಟು ಬೇರೆ, ತನ್ನ ಗಂಟು ಬೇರೆ ಎಂಬ ಧರ್ಮವನ್ನು ನಮ್ಮ ಜನ ಎಷ್ಟು ದೊಡ್ಡದೆಂದು ಎಣಿಸಿದ್ದರೆಂಬುದಕ್ಕೆ ಆ ಕಥೆಯೇ ಸಾಕ್ಷಿ.

ಈ ಧರ್ಮ ಕೆಟ್ಟಾಗ ಏನಾಗುವುದೆಂಬುದನ್ನು ಬಂಗಾಳ ಕಂಡಿತು. ೧೭೧೭ರಲ್ಲಿ ಮೊಗಲ್ ಬಾದಶಹ ಫರುಖ್‌ಸಿಯರನು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿಗೆ ಒಂದು ಫರ್ಮಾನನ್ನು ಕೊಟ್ಟನು: ವರ್ಷಕ್ಕೆ ೩,೦೦೦ ರೂಪಾಯಿ ಸಲ್ಲಿಸಿದರೆ ಕಂಪೆನಿಯ ಸರಕಿಗೆ ಬಂಗಾಳದಲ್ಲಿ ಸುಂಕವಿಲ್ಲ. ಸರಕಿನ ಜೊತೆಗೆ ‘ದಸ್ತಕು’ ಎಂಬ ರಹದಾರಿ ಚೀಟಿ ಇದ್ದರೆ ಸುಂಕದ ಚೌಕಿಯವರು ತಡೆಯುವಂತಿರಲಿಲ್ಲ. ಇತ್ತ ಕಂಪೆನಿಯ ನೌಕರರ ಪಾಡು ನೋಡಿ. ಕೆಳಗಿನ ದರ್ಜೆಯ ‘ರೈಟರ್’ ಎಂಬ ಗುಮಾಸ್ತನಿಗೆ ವರ್ಷಕ್ಕೆ ೫ ಪೌಂಡು ಸಂಬಳ! ಅದರಲ್ಲಿ ಬದುಕುವುದು ಸಾಧ್ಯವಿಲ್ಲವೆಂದು ಕಂಪೆನಿಗೂ ತಿಳಿದಿತ್ತು. ಆದುದರಿಂದ ನೌಕರಿಯ ಜೊತೆಗೆ ಸ್ವಂತ ವ್ಯಾಪಾರವನ್ನು ಮಾಡಿಕೊಳ್ಳಲು ಅವರಿಗೆ ಅಪ್ಪಣೆಯಿತ್ತು. ಹೊಟ್ಟೆಪಾಡಿಗೆ ಎರಡನೆಯ ಕಸುಬು. ಅದರಲ್ಲಿ ತಪ್ಪೇನೂ ಇಲ್ಲ.

ತಪ್ಪು ನಡೆದದ್ದು ಚೀಟಿಯಲ್ಲಿ. ಸುಂಕದ ಮಾಫಿ ಕಂಪೆನಿಯ ಸರಕಿಗೆ ಹೊರತು ನೌಕರರ ಸ್ವಂತ ಸರಕಿಗಲ್ಲ ಎಂಬುದು ನವಾಬರ ವಾದ. ನೌಕರರು ತಮ್ಮ ಸರಕಿಗೂ ದಸ್ತಕನ್ನೇ ಹಿಡಿದರು. ೧೭೫೭ರ ಪ್ಲಾಸಿ ಕದನದ ಮೇಲೆ ತಡೆಯುವವರೇ ಇಲ್ಲದೆ, ಉಪ್ಪು, ಅಡಕೆ, ಹೊಗೆಸೊಪ್ಪುಗಳ ಒಳನಾಡ ವ್ಯಾಪಾರಕ್ಕೂ ಕೈಹಾಕಿದರು. ಅವರ ಗುಮಾಸ್ತರು ಹಳ್ಳಿಹಳ್ಳಿಗೆ ನುಗ್ಗಿದರು. ೧೭೬೨ರಲ್ಲಿ ಗಂಗೆಯ ಮೇಲೆ ಪಯಣಿಸಿದ ವಾರನ್ ಹೇಸ್ಟಿಂಗ್ಸನು, ದೋಣಿದೋಣಿಯ ಮೇಲೂ ಇಂಗ್ಲಿಷ್ ಬಾವುಟವನ್ನು ಕಂಡು, ಇದರಿಂದ ನಮಗೆ ಒಳಿತಾಗದೆಂದು ಮೇಲಿನವರಿಗೆ ಬರೆದನು. ಇದರಲ್ಲಿ ಒಂದು ಸೂಕ್ಷ್ಮವಿದೆ. ಲಾಭ ಬಂದಾಗ ಆ ನೌಕರರು ಎರಡು ಲೆಕ್ಕಗಳನ್ನು ಚೆನ್ನಾಗಿಯೇ ಬೇರೆ ಮಾಡಿಕೊಂಡರು, ಲಾಭ ಅವರದೇ. ಸುಂಕ ಕೊಡಬೇಕಾದಾಗ ಮಾತ್ರ ಎರಡೂ ಒಂದೇ.

ನವಾಬ ಮೀರ್ ಕಾಸಿಮನು ಕಲ್ಕತ್ತೆಯ ಗವರ್ನರ್ ವ್ಯಾನ್ಸಿಟ್ಟಾರ್ಟನೊಡನೆ ಒಂದು ಒಪ್ಪಂದಕ್ಕೆ ಬಂದನು: ನೌಕರರ ಸ್ವಂತ ಸರಕಿಗೆ ನೂರಕ್ಕೆ ಒಂಬತ್ತು ಸುಂಕ. ಕಲ್ಕತ್ತೆಯ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ತಳ್ಳಿಹಾಕಿದವರು ಆ ವ್ಯಾಪಾರದಲ್ಲಿ ಪಾಲಿದ್ದವರೇ. ಬೇಸತ್ತ ನವಾಬನು ೧೭೬೩ರಲ್ಲಿ, ಹಾಗಾದರೆ ನನ್ನ ಪ್ರಜೆಗಳಿಗೂ ಸುಂಕ ಬೇಡವೆಂದು ಎಲ್ಲರಿಗೂ ಅದನ್ನು ಎತ್ತಿಬಿಟ್ಟನು. ಎಲ್ಲರೂ ಸಮಾನರಾಗುವುದನ್ನು ಕೌನ್ಸಿಲ್ ಸಹಿಸಲಿಲ್ಲ. ಯುದ್ಧವಾಯಿತು. ೧೭೬೪ರ ಅಕ್ಟೋಬರ್ ೨೨ರಂದು ಬಕ್ಸಾರಿನಲ್ಲಿ ನವಾಬನ ಪಕ್ಷ ಸೋತಿತು. ಮರುವರ್ಷ ಬಂಗಾಳದ ದಿವಾನಿಯೇ ಕಂಪೆನಿಯ ಕೈಸೇರಿತು. ಒಂದು ನಾಡು ಕೈತಪ್ಪಿದ್ದಕ್ಕೆ ಕಾರಣಗಳು ಹತ್ತಾರಿರುತ್ತವೆ. ಆದರೂ ಅವುಗಳಲ್ಲೊಂದು, ನೌಕರಿಯ ಚೀಟಿಯನ್ನು ಮಗ್ಗುಲ ವ್ಯಾಪಾರಕ್ಕೆ ಬಳಸಿದ ಈ ಬೆರಕೆ. ಕಡೆಗೆ ೧೭೮೬ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಕಾರ್ನ್‌ವಾಲಿಸನು ಮದ್ದು ಹುಡುಕಿದನು: ಕಲೆಕ್ಟರಿಗೆ ತಿಂಗಳಿಗೆ ೧,೫೦೦ ರೂಪಾಯಿ ಸಂಬಳ, ವಸೂಲಿಯ ಮೇಲೆ ನೂರಕ್ಕೆ ಒಂದು ಕಮಿಷನ್, ಸ್ವಂತ ವ್ಯಾಪಾರ ಮಾತ್ರ ಕೂಡದು.

ಪಚೋಲಿಯ ‘ಅಂಗಡಿಯೂ ಒಬ್ಬ ಮನುಷ್ಯ’ ಎಂಬ ಮಾತು ಪುಸ್ತಕವನ್ನು ದಾಟಿ ನ್ಯಾಯಾಸ್ಥಾನಕ್ಕೂ ಬಂದಿತು. ಲಂಡನ್ನಿನಲ್ಲಿ ಏರನ್ ಸಾಲೊಮನ್ ಎಂಬ ಬೂಟಿನ ವ್ಯಾಪಾರಿಯಿದ್ದನು. ೧೮೯೨ರಲ್ಲಿ ತನ್ನ ವ್ಯಾಪಾರವನ್ನು ಒಂದು ಕಂಪೆನಿಯಾಗಿ ಮಾಡಿದನು. ಕಾಯಿದೆಗೆ ಏಳು ಜನ ಬೇಕು. ತಾನು, ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳು, ಲೆಕ್ಕ ಸರಿಹೋಯಿತು! ೨೦,೦೦೭ ಷೇರುಗಳಲ್ಲಿ ೨೦,೦೦೧ ಅವನವೇ. ಕಂಪೆನಿ ದಿವಾಳಿಯಾದಾಗ, ಇದೆಲ್ಲ ಸೋಗು, ಸಾಲವನ್ನು ಸಾಲೊಮನ್ನನೇ ತೀರಿಸಬೇಕೆಂದು ದಾವಾ ಬಂದಿತು. ಕೆಳಗಿನ ಕೋರ್ಟುಗಳು ಹೌದೆಂದವು. ೧೮೯೬ರ ನವೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಅಲ್ಲವೆಂದಿತು: ಕಾಯಿದೆಯಂತೆ ಹುಟ್ಟಿದ ಕಂಪೆನಿಯು ಸಾಲೊಮನ್ನನಿಂದ ಬೇರೆಯೇ ಆದ ಒಬ್ಬ ವ್ಯಕ್ತಿ, ಅದರ ಸಾಲ ಅದರದು. ನಮ್ಮ ದೇಶದ ಕಂಪೆನಿ ಕಾಯಿದೆಯೂ ಇದೇ ತತ್ತ್ವದ ಮೇಲೆ ನಿಂತಿದೆ.

ಆದರೆ ಕಂಪೆನಿಯಾಗಿ ನೋಂದಾಯಿಸದೆ, ಒಬ್ಬರೇ ಜಗಲಿಯ ಮೇಲೆ ಅಂಗಡಿ ಇಟ್ಟವರಿಗೆ ಈ ರಕ್ಷಣೆಯಿಲ್ಲ. ಅವರ ಮಟ್ಟಿಗೆ ಮನೆಯೂ ಅಂಗಡಿಯೂ ಕಾಯಿದೆಯ ಕಣ್ಣಿಗೆ ಒಂದೇ. ಅಂಗಡಿಯ ಸಾಲಗಾರನು ಮನೆಯ ಬಳೆಯನ್ನು ಕೇಳಬಹುದು. ಕಾಯಿದೆ ಕಟ್ಟಿಕೊಡದ ಗೋಡೆಯನ್ನು ಅವರು ಪುಸ್ತಕದಲ್ಲಿಯೇ ಕಟ್ಟಿಕೊಳ್ಳಬೇಕು. ಇಂದಂತೂ ಪೆಟ್ಟಿಗೆಯ ಜಾಗಕ್ಕೆ ಮೊಬೈಲು ಬಂದಿದೆ. ಹಪ್ಪಳ ಮಾರುವ ಗೃಹಿಣಿಗೂ, ಸಂಜೆ ಮನೆಪಾಠ ಹೇಳುವ ಉಪಾಧ್ಯಾಯರಿಗೂ, ರಜೆಯ ದಿನ ಮದುವೆಯ ಫೋಟೊ ತೆಗೆಯುವ ಬ್ಯಾಂಕಿನ ಗುಮಾಸ್ತರಿಗೂ ಎಲ್ಲ ಹಣವೂ ಒಂದೇ ಖಾತೆಗೆ ಸದ್ದಿಲ್ಲದೆ ಬಂದು ಬೀಳುತ್ತದೆ, ಸದ್ದಿಲ್ಲದೆ ಹೋಗುತ್ತದೆ. ಅಂದಿನ ಪೆಟ್ಟಿಗೆ ಖಾಲಿಯಾದಾಗ ತಳವಾದರೂ ಕಾಣುತ್ತಿತ್ತು.

ಇನ್ನು ನಮ್ಮ ತಂದೆಯವರ ಪುಸ್ತಕ. ಒಂದು ಬೇಸಿಗೆಯ ರಜೆಯಲ್ಲಿ ಕೆಂಪು ಪೆನ್ಸಿಲು ಹಿಡಿದು ಕೂತು, ಅದರ ಕೊನೆಯ ಎರಡು ವರ್ಷಗಳನ್ನು ನಾನು ಬೇರೆ ಬೇರೆ ಮಾಡಿದೆ. ಸ್ಲೇಟು, ಕಾಗದ, ಲಾರಿ ಬಾಡಿಗೆ ಒಂದು ಹಾಳೆಗೆ. ನುಗ್ಗೆಕಾಯಿ, ಅಜ್ಜಿಯ ಔಷಧಿ, ಅಕ್ಕನ ಪಿ.ಯು.ಸಿ. ಫೀಸು, ನನ್ನ ಕನ್ನಡಕ, ಸೋದರಮಾವನ ಮದುವೆಯ ಉಡುಗೊರೆ ಇನ್ನೊಂದು ಹಾಳೆಗೆ. ಮೂರು ದಿನ ಹಿಡಿಯಿತು. ಕೂಡಿಸಿದಾಗ ತಿಳಿಯಿತು: ಆ ಎರಡು ವರ್ಷಗಳಲ್ಲಿ ಸರಕಿನ ಖರ್ಚೆಲ್ಲ ಕಳೆದು ಅಂಗಡಿಗೆ ಉಳಿದ ಲಾಭ ೯,೬೦೦ ರೂಪಾಯಿ. ಮನೆ ಆ ಪೆಟ್ಟಿಗೆಯಿಂದ ತೆಗೆದದ್ದು ೧೭,೩೦೦. ಕಾಗದದ ವ್ಯಾಪಾರಿಗೆ ನಿಂತ ಬಾಕಿಯಲ್ಲಿ ೭,೭೦೦ ಹುಟ್ಟಿದ್ದು ಹೀಗೆ. ಉಳಿದದ್ದೂ ಹಿಂದಿನ ವರ್ಷಗಳಲ್ಲಿ ಹೀಗೆಯೇ ಹುಟ್ಟಿರಬೇಕು.

ಅಂದರೆ ಅಂಗಡಿ ಸೋತಿರಲಿಲ್ಲ. ದುಡಿಯುತ್ತಿದ್ದ ಒಬ್ಬ ಮಗನಂತೆ ಅದು ನಮ್ಮನ್ನೆಲ್ಲ ಸಾಕಿ, ಶಕ್ತಿಗೆ ಮೀರಿ ಸಾಕಿ, ಕುಸಿದಿತ್ತು. ಎರಡು ಪುಸ್ತಕಗಳಿದ್ದಿದ್ದರೆ ತಂದೆಯವರು ಅಕ್ಕನ ಫೀಸನ್ನಾಗಲಿ ಅಜ್ಜಿಯ ಔಷಧಿಯನ್ನಾಗಲಿ ನಿಲ್ಲಿಸುತ್ತಿದ್ದರೆಂದು ನನಗೆ ತೋರುವುದಿಲ್ಲ. ಉಡುಗೊರೆ ಸ್ವಲ್ಪ ಚಿಕ್ಕದಾಗುತ್ತಿತ್ತೋ ಏನೋ. ಆದರೆ ತನಗೆ ವ್ಯಾಪಾರ ಬಾರದೆಂಬ ತಪ್ಪು ತೀರ್ಪನ್ನು ಹೊತ್ತು ಅವರು ಉಳಿದ ಬಾಳನ್ನು ಸವೆಸಬೇಕಾಗಿರಲಿಲ್ಲ. ಲೆಕ್ಕವನ್ನು ಬೇರೆ ಇಡುವುದು ಜಿಪುಣತನವೆಂದು ತಿಳಿದವರುಂಟು. ಅದು ನ್ಯಾಯ: ಮನೆಗೆ, ಅಂಗಡಿಗೆ, ಎರಡನ್ನೂ ಹೆಗಲ ಮೇಲೆ ಹೊತ್ತವನಿಗೆ ಸಲ್ಲಬೇಕಾದ ನ್ಯಾಯ.

ಆ ಹಾಳೆಗಳನ್ನು ತಾಯಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಇದನ್ನು ಅವರು ನೋಡಬೇಕಾಗಿತ್ತು’ ಎಂದರು. ನಾನು ಎರಡು ಹಾಳೆಗಳನ್ನೂ ಪುಸ್ತಕದೊಳಗೆ ಮಡಿಸಿಟ್ಟೆ, ಒಂದರ ಮೇಲೆ ‘ಮನೆ’ ಎಂದೂ ಇನ್ನೊಂದರ ಮೇಲೆ ‘ಅಂಗಡಿ’ ಎಂದೂ ಬರೆದು.